ಬಹ್ರೇನಿನ ಹಳೆಯ ಜಾಗಗಳನ್ನು ನಾನು ನೋಡಿದ ಬಗೆ

“ಬಹ್ರೇನಿನಲ್ಲಿ ನೋಡೋಕೆ ಏನಿದೆ?” ಊರಿನಿಂದ ಬಂದವರು ಕೇಳುವ ಮೊದಲ ಪ್ರಶ್ನೆ ಇದು. ಇಲ್ಲೇ ಹತ್ತಾರು ವರ್ಷ ದುಡಿದವರು ಕೂಡ ಹೀಗೆಯೇ ಮಾತಾಡುತ್ತಾರೆ. ಎರಡು ಮಾಲ್, ಒಂದು ಕೃಷ್ಣ ದೇವಸ್ಥಾನ, ಮರುಭೂಮಿಯಲ್ಲಿ ಒಂದು ಒಂಟಿ ಮರ, ಅಲ್ಲಿಗೆ ಮುಗಿಯಿತು. ನಾನು ಇದನ್ನು ಒಪ್ಪುವುದಿಲ್ಲ. ಈ ಪುಟ್ಟ ದ್ವೀಪದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗಗಳೇ ಮೂರಿವೆ. ಹಳೆಯ ಬಂದರಿನ ಕೋಟೆ 2005ರಲ್ಲಿ ಸೇರಿತು, ಪಕ್ಕದ ಪುಟ್ಟ ದ್ವೀಪ ಮುಹರ್ರಕ್‌ನ ಮುತ್ತಿನ ದಾರಿ (ಹಳೆಯ ಮುತ್ತು ದಂಧೆಯ ಮನೆಗಳನ್ನು ಜೋಡಿಸುವ ಕಾಲುದಾರಿ) 2012ರಲ್ಲಿ, ನಾಲ್ಕು ಸಾವಿರ ವರ್ಷ ಹಿಂದೆ ಇಲ್ಲಿದ್ದ ದಿಲ್ಮುನ್ ನಾಡಿನ ಕಾಲದ ಸಮಾಧಿ ದಿಬ್ಬಗಳು 2019ರಲ್ಲಿ. ಮೂರೂ ರಾಜಧಾನಿ ಮನಾಮಾದಿಂದ ದೂರವೇನಲ್ಲ.

ತೊಂದರೆ ಇರುವುದು ಬೇರೆ ಕಡೆ. ಸುಮ್ನೆ ಹೋಗಿ ನಿಂತರೆ ಕಾಣುವುದು ಕಲ್ಲು, ಮಣ್ಣು, ಬಿಸಿಲು. ಅದಕ್ಕೇ ನಾನು ಎರಡು ನಿಯಮ ಮಾಡಿಕೊಂಡೆ. ಮೊದಲು ಮ್ಯೂಸಿಯಂ, ಆಮೇಲೆ ಜಾಗ. ಒಂದು ರಜೆಗೆ ಒಂದೇ ಜಾಗ. ಇದರ ಜೊತೆಗೆ ಒಂದು ಚಟವೂ ಅಂಟಿಕೊಂಡಿತು. ಎಲ್ಲಿ ಹೋದರೂ ನಮ್ಮ ಕಡೆಯ ತೀರದಿಂದ ಬಂದದ್ದು ಏನಾದರೂ ಇದೆಯೇ ಎಂದು ಹುಡುಕುವುದು. ಬರಿಗೈಯಲ್ಲಿ ಬಂದದ್ದು ಕಡಿಮೆ.

ತಯಾರಿ ಜಾಸ್ತಿ ಬೇಡ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ. ಬೇಸಿಗೆಯಲ್ಲಿ ಬಯಲಲ್ಲಿ ನಡೆಯುವುದು ಶಿಕ್ಷೆ. ನೀರು, ಟೋಪಿ, ಒಳ್ಳೆಯ ಶೂ ಇರಲಿ. ಶುಕ್ರವಾರ ರಜೆ ಇರುವವರು ಒಂದು ಗಮನದಲ್ಲಿಡಿ: ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹಳೆಯ ಬೀದಿಗಳು ಖಾಲಿಯಾಗುತ್ತವೆ, ಅಂಗಡಿಗಳೂ ಬಾಗಿಲು ಹಾಕುತ್ತವೆ. ಮ್ಯೂಸಿಯಂಗಳಿಗೆ ವಾರದ ರಜೆ ಬೇರೆ ಇರುತ್ತದೆ. ಹೊರಡುವ ಮುಂಚೆ ಸಮಯ ನೋಡಿಕೊಳ್ಳಿ.

ನಾನು ಶುರು ಮಾಡಿದ್ದು ಮನಾಮಾದ ನ್ಯಾಷನಲ್ ಮ್ಯೂಸಿಯಂನಿಂದ. 1988ರಲ್ಲಿ ತೆರೆದ, ಕಡಲ ಪಕ್ಕದ ಬಿಳಿ ಕಟ್ಟಡ. ಒಳಗೆ ನೆಲದ ಮೇಲೆ ಇಡೀ ಬಹ್ರೇನಿನ ದೊಡ್ಡ ಚಿತ್ರ ಹಾಸಿದ್ದಾರೆ, ಆಕಾಶದಿಂದ ತೆಗೆದದ್ದು. ಅದರ ಮೇಲೆಯೇ ಓಡಾಡಬಹುದು. ಎಲ್ಲರೂ ಮೊದಲು ತಮ್ಮ ರೂಮ್ ಎಲ್ಲಿದೆ ಎಂದು ಹುಡುಕುತ್ತಾರೆ, ನಾನೂ ಅದನ್ನೇ ಮಾಡಿದೆ. ಆಮೇಲೆ ಕೋಟೆ ಎಲ್ಲಿ, ಸಮಾಧಿ ದಿಬ್ಬಗಳಿರುವ ಆಲಿ ಎಲ್ಲಿ, ಮುಹರ್ರಕ್ ಎಲ್ಲಿ ಎಂದು ಗುರುತು ಮಾಡಿಕೊಂಡೆ.

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ದಿಲ್ಮುನ್ ಮುದ್ರೆಗಳ ಮುಂದೆ. ಗುಂಡಗಿನ ಪುಟ್ಟ ಕಲ್ಲು, ಮೇಲೆ ಜಿಂಕೆ, ಗೂಳಿ, ಮಡಕೆಯಿಂದ ಕೊಳವೆ ಹಾಕಿ ಕುಡಿಯುವ ಮನುಷ್ಯರು. ನಾಲ್ಕು ಸಾವಿರ ವರ್ಷದ ಹಿಂದೆ ಸರಕಿನ ಗಂಟಿಗೆ, ಕೋಣೆಯ ಬಾಗಿಲಿಗೆ ಒತ್ತುತ್ತಿದ್ದ ಗುರುತು ಇವು. ಒಮಾನಿನ ತಾಮ್ರ ಇಲ್ಲಿ ಹಾಯ್ದು ಮೆಸೊಪೊಟೇಮಿಯಾಕ್ಕೆ (ಈಗಿನ ಇರಾಕ್ ಕಡೆಗೆ) ಹೋಗುತ್ತಿತ್ತು. ನಡುವೆ ನಿಂತು ವ್ಯಾಪಾರ ನಡೆಸಿದವರು ದಿಲ್ಮುನ್ ಜನ. ಇಂಥದ್ದೇ ಒಂದು ಗುಂಡು ಮುದ್ರೆ ಗುಜರಾತಿನ ಸಿಂಧೂ ನಾಗರಿಕತೆಯ ಊರು ಲೋಥಲ್‌ನಲ್ಲಿಯೂ ಸಿಕ್ಕಿದೆ. ಲೋಥಲ್ ಅಗೆದವರು ಯಾರು ಗೊತ್ತಲ್ವಾ? ನಮ್ಮ ಶಿಕಾರಿಪುರ ರಂಗನಾಥ ರಾವ್. ಆ ಮುದ್ರೆ ಕೊಲ್ಲಿಯ ಕಡೆಯದು ಎಂದು 1963ರಲ್ಲಿ ಬರೆದು ಜಗತ್ತಿಗೆ ತಿಳಿಸಿದವರೂ ಅವರೇ. ಇಲ್ಲಿನ ಕೋಟೆಯ ದಿಬ್ಬದಲ್ಲಿ ಸಿಕ್ಕ ತೂಕದ ಕಲ್ಲುಗಳು ಸಿಂಧೂ ಕಣಿವೆಯ ಅಳತೆಯವು. ಎರಡು ದಡದ ವ್ಯಾಪಾರಿಗಳೂ ಒಂದೇ ತಕ್ಕಡಿಯ ಲೆಕ್ಕ ಒಪ್ಪಿಕೊಂಡಿದ್ದರು ಎಂದಾಯಿತು. ಇದು ತಲೆಯಲ್ಲಿ ಕೂತ ಮೇಲೆ ಹೊರಗಿನ ಕಲ್ಲುಗಳು ಬೇರೆಯೇ ರೀತಿ ಕಂಡವು.

ಆಲಿಗೆ ಹೋದದ್ದು ಬಸ್ಸಿನಲ್ಲಿ. ದಿಬ್ಬಗಳು ಊರಾಚೆ ಎಲ್ಲೋ ಇರುತ್ತವೆ ಎಂದುಕೊಳ್ಳಬೇಡಿ. ಮನೆ, ಗ್ಯಾರೇಜು, ಅಂಗಡಿಗಳ ನಡುವೆಯೇ ಇವೆ. ಕೆಲವು ರಾಜರ ದಿಬ್ಬಗಳು ಪಕ್ಕದ ಮನೆಗಳಿಗಿಂತ ಎತ್ತರ. ಅವುಗಳ ನೆರಳಲ್ಲಿ ಕಾರು ನಿಲ್ಲಿಸುತ್ತಾರೆ. ಆಚೆ ಬಯಲಲ್ಲಿ ಸಾಮಾನ್ಯರ ದಿಬ್ಬಗಳು ಹುತ್ತಗಳ ಹಾಗೆ ಒಂದರ ಪಕ್ಕ ಒಂದು ಎದ್ದಿವೆ. ಯುನೆಸ್ಕೋ ಪಟ್ಟಿಗೆ ಒಟ್ಟಾಗಿ ಸೇರಿದ ಇಂಥ 21 ಜಾಗಗಳಲ್ಲೇ 11,774 ದಿಬ್ಬಗಳಿವೆ. ಎಲ್ಲ ಕ್ರಿಸ್ತಪೂರ್ವ 2200ರಿಂದ 1750ರ ನಡುವಿನವು. ರಸ್ತೆಗೆ, ಮನೆಗೆ ಎಂದು ಸಾವಿರಾರು ದಿಬ್ಬಗಳು ಮೊದಲೇ ಹೋದವು. ಬೇಲಿ ದಾಟಿ ಮೇಲೆ ಹತ್ತಬೇಡಿ. ಆಲಿ ಕುಂಬಾರರ ಊರು ಕೂಡ. ಮಡಕೆ ಮಾಡುವವರ ಹತ್ತಿರ ಅರ್ಧ ಗಂಟೆ ಕೂತರೆ ದಿನ ತುಂಬುತ್ತದೆ.

ಕೋಟೆಗೆ ಮಾತ್ರ ಪೂರ್ತಿ ಮಧ್ಯಾಹ್ನ ಕೊಡಿ. ಖಲಾತ್ ಅಲ್ ಬಹ್ರೇನ್ ಎಂದರೆ ಎಲ್ಲರಿಗೂ ಮೇಲಿನ ಪೋರ್ಚುಗೀಸ್ ಕೋಟೆ ಮಾತ್ರ ನೆನಪಾಗುತ್ತದೆ. ಆದರೆ ನೀವು ನಿಂತಿರುವ ದಿಬ್ಬವೇ ನಿಜವಾದ ಸಂಗತಿ. ಕ್ರಿಸ್ತಪೂರ್ವ 2300ರ ಹೊತ್ತಿನಿಂದ ಕ್ರಿಸ್ತಶಕ 16ನೇ ಶತಮಾನದವರೆಗೆ ಜನ ಇಲ್ಲಿ ಒಂದರ ಮೇಲೊಂದು ಊರು ಕಟ್ಟುತ್ತ ಹೋದರು. ಹಾಗೆ ಮಣ್ಣು ಏರಿದ್ದು 12 ಮೀಟರ್. 1950ರ ದಶಕದಲ್ಲಿ ಪಿ. ವಿ. ಗ್ಲೋಬ್ ಮತ್ತು ಜೆಫ್ರಿ ಬಿಬಿ ಅವರ ಡೆನ್ಮಾರ್ಕ್ ತಂಡ ಅಗೆತ ಶುರು ಮಾಡಿತು. ಇಲ್ಲಿಯವರೆಗೆ ಅಗೆದದ್ದು ಕಾಲು ಭಾಗದಷ್ಟು ಮಾತ್ರ. ಪಕ್ಕದ ಮ್ಯೂಸಿಯಂ 2008ರಲ್ಲಿ ತೆರೆಯಿತು. ಅದರೊಳಗೆ ಈ ಮಣ್ಣಿನ ಪದರಗಳನ್ನು ತೋರಿಸುವ ಒಂದು ಎತ್ತರದ ಗೋಡೆ ಇದೆ. ಮೊದಲು ಅದನ್ನು ನೋಡಿ, ಆಮೇಲೆ ದಿಬ್ಬಕ್ಕೆ ನಡೆಯಿರಿ. ಉಲ್ಟಾ ಮಾಡಿದರೆ ತಲೆಬುಡ ತಿಳಿಯುವುದಿಲ್ಲ.

ನನಗೆ ಅಲ್ಲಿ ತುಂಬ ಹಿಡಿಸಿದ್ದು ಹಾವಿನ ಬಟ್ಟಲುಗಳು. ಒಂದು ಹಳೆಯ ಅರಮನೆಯ ನೆಲದಡಿ ಮಣ್ಣಿನ ಬಟ್ಟಲುಗಳು ಸಿಕ್ಕಿವೆ, ಒಳಗೆ ಹಾವಿನ ಎಲುಬು, ಕೆಲವದರಲ್ಲಿ ಒಂದು ಮಣಿ. ಯಾವುದೋ ಹರಕೆಯೇ ಇರಬೇಕು. ನಾಗಬನ ನೋಡುತ್ತ ಬೆಳೆದ ಕರಾವಳಿಯವನಿಗೆ ಅದರ ಮುಂದೆ ಕಾಲು ಕದಲುವುದಿಲ್ಲ. ಎರಡಕ್ಕೂ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಆದರೂ ಮನಸ್ಸು ಹೋಗುವುದು ಅಲ್ಲಿಗೇ.

ಇನ್ನು ಪೋರ್ಚುಗೀಸರು. 1521ರಲ್ಲಿ ಬಹ್ರೇನ್ ಹಿಡಿದರು, 1602ರಲ್ಲಿ ಹೊರಬಿದ್ದರು. ಅವರಿಗೆ ಬೇಕಾದದ್ದು ಇಲ್ಲಿ ಮುತ್ತು, ನಮ್ಮಲ್ಲಿ ಮೆಣಸು ಮತ್ತು ಅಕ್ಕಿ. ಮಂಗಳೂರು, ಬಸ್ರೂರು, ಹೊನ್ನಾವರದಲ್ಲಿ ಕೋಟೆ ಕಟ್ಟಿದ್ದೂ ಇದೇ ಜನ ಅಲ್ವಾ? ಕೋಟೆಯ ಸುತ್ತ ಖರ್ಜೂರದ ತೋಟಗಳು ಉಳಿದಿವೆ. ನೆಲದಲ್ಲಿ ಸಣ್ಣ ಕಾಲುವೆ ಕೊರೆದ ಕೋಣೆಗಳು ಸಿಕ್ಕರೆ ದಾಟಿ ಹೋಗಬೇಡಿ. ಖರ್ಜೂರದ ಮೂಟೆ ಒಟ್ಟಿ, ಭಾರಕ್ಕೆ ಸುರಿಯುವ ಪಾಕ ಹಿಡಿಯುತ್ತಿದ್ದ ಜಾಗ ಅದು.

ಹತ್ತಿರದಲ್ಲೇ ದಿಲ್ಮುನ್ ಕಾಲದ ಬಾರ್ಬಾರ್ ದೇವಾಲಯ ಇದೆ. ಒಂದರ ಮೇಲೊಂದು ಕಟ್ಟಿದ ಮೂರು ಗುಡಿ, ಪಕ್ಕದಲ್ಲಿ ಮೆಟ್ಟಿಲಿಳಿದು ಹೋಗುವ ಬುಗ್ಗೆ. ಇಲ್ಲಿ ಸಿಕ್ಕ ತಾಮ್ರದ ಗೂಳಿಯ ತಲೆಯನ್ನು ನ್ಯಾಷನಲ್ ಮ್ಯೂಸಿಯಂನಲ್ಲಿ ನೋಡಿರದಿದ್ದರೆ ಹತ್ತು ನಿಮಿಷಕ್ಕೇ ಬೇಜಾರಾಗುತ್ತದೆ.

ನನ್ನ ಮಟ್ಟಿಗೆ ಮುಹರ್ರಕ್ ಎಲ್ಲಕ್ಕಿಂತ ಮೇಲು. ಮುತ್ತಿನ ದಾರಿ ಕಡಲಂಚಿನ ಬು ಮಾಹೆರ್ ಕೋಟೆಯಿಂದ ಮುತ್ತಿನ ವ್ಯಾಪಾರಿ ಸಿಯಾದಿ ಕುಟುಂಬದ ಮನೆಗಳವರೆಗೆ, ಸುಮಾರು ಮೂರೂವರೆ ಕಿಲೋಮೀಟರ್. ಗಲ್ಲಿಗಳಲ್ಲಿ ದಾರಿ ತಪ್ಪುವ ಭಯ ಬೇಡ. ತುದಿಯಲ್ಲಿ ಮುತ್ತಿನಂಥ ಬಿಳಿ ಗೋಳ ಇರುವ ದೀಪದ ಕಂಬಗಳನ್ನು ಹಿಡಿದು ನಡೆದರೆ ಸಾಕು. ದಾರಿಯಲ್ಲಿ ಮುತ್ತಿಗಾಗಿ ಕಡಲಲ್ಲಿ ಮುಳುಗುತ್ತಿದ್ದವನ ಮನೆ, ದೋಣಿಯ ಯಜಮಾನ ನೊಖಾದನ ಮನೆ, ವ್ಯಾಪಾರಿಯ ಮನೆ ಎಲ್ಲ ಬರುತ್ತವೆ. ಮೂರನ್ನೂ ಒಂದೇ ದಿನ ನೋಡಬೇಕು. ಯಾರ ಬೆವರು ಯಾರ ಗೋಡೆಯ ಗಾರೆ ಕೆತ್ತನೆಯಾಯಿತು ಎಂಬುದು ಆಗ ಗೊತ್ತಾಗುತ್ತದೆ.

ಮುಳುಗುವವನು ಮೂಗಿಗೆ ಕ್ಲಿಪ್ ಹಾಕಿ, ಕಾಲಿಗೆ ಕಲ್ಲು ಕಟ್ಟಿ ಇಳಿಯುತ್ತಿದ್ದ. ಮೇಲೆ ಹಗ್ಗ ಹಿಡಿದವನು ಎಳೆದರಷ್ಟೇ ಜೀವ. ಬೇಸಿಗೆಯ ನಾಲ್ಕು ತಿಂಗಳು ಇದೇ ಕೆಲಸ. ಸೀಸನ್‌ಗೆ ಮುಂಚೆ ಮುಂಗಡ ತೆಗೆದುಕೊಳ್ಳಬೇಕು, ಮುತ್ತು ಸಿಗದಿದ್ದರೆ ಸಾಲ ಮುಂದಿನ ವರ್ಷಕ್ಕೆ. ಸತ್ತರೆ ಮಗನ ತಲೆಗೆ. ಗಲ್ಫಿಗೆ ಬರಲು ಏಜೆಂಟನಿಗೆ ಸಾಲ ಮಾಡಿ ಹಣ ಕಟ್ಟಿದವರ ಜೊತೆ ಈ ಮನೆಗಳಲ್ಲಿ ಓಡಾಡಿದ್ದೇನೆ. ಅವರಿಗೆ ವಿವರಿಸುವ ಕೆಲಸವೇ ಬೀಳಲಿಲ್ಲ. ಒಳ್ಳೆಯ ಮುತ್ತುಗಳು ಮಾತ್ರ ಬೊಂಬಾಯಿಗೆ ಹೋಗಿ ಅಲ್ಲಿ ಬೆಲೆ ಕಟ್ಟಿಸಿಕೊಳ್ಳುತ್ತಿದ್ದವು.

ಮನೆಗಳ ಒಳಗೆ ಹೋದಾಗ ತಲೆ ಎತ್ತಿ ನೋಡಿ. ಕೋಣೆಗಳು ಉದ್ದ, ಆದರೆ ಅಗಲ ಕಡಿಮೆ. ಚಾವಣಿಯ ತೊಲೆಗಳು ಪೂರ್ವ ಆಫ್ರಿಕಾದಿಂದ ಬಂದ ಕಾಂಡ್ಲಾ (ಮ್ಯಾಂಗ್ರೋವ್) ಮರದವು, ಅವು ಉದ್ದ ಇದ್ದಷ್ಟೇ ಕೋಣೆಯ ಅಗಲ. ಗೋಡೆ ಕಡಲ ಹವಳದ ಕಲ್ಲಿನದು. ಹಿಂದಿನ ದೊರೆ ಶೇಖ್ ಈಸಾ ಬಿನ್ ಅಲಿ ಅವರ ಮನೆಯಲ್ಲಿ, ಮೇಲಿನ ಗಾಳಿ ಹಿಡಿದು ಕೋಣೆಗೆ ಇಳಿಸುವ ಗೋಪುರದ ಕೆಳಗೆ ಒಂದು ನಿಮಿಷ ನಿಲ್ಲಿ. ಕರೆಂಟು ಇಲ್ಲದ ಕಾಲದ ಎಸಿ ಕೆಲಸ ಮಾಡುವುದು ಮೈಗೇ ಗೊತ್ತಾಗುತ್ತದೆ. ಇದೆಲ್ಲ ಜನ ವಾಸ ಇರುವ ಬೀದಿ. ತೆರೆದ ಬಾಗಿಲು ಕಂಡ ಕೂಡಲೇ ಫೋಟೋ ತೆಗೆಯಬೇಡಿ, ಹೆಂಗಸರು ಇದ್ದರಂತೂ ಕ್ಯಾಮೆರಾ ಕೆಳಗಿಳಿಸಿ. ಕೊನೆಗೆ ಖೈಸರಿಯಾ ಮಾರುಕಟ್ಟೆಯಲ್ಲಿ ಕೇಸರಿ ಹಾಕಿದ ಹಲ್ವಾ, ಒಂದು ಕಡಕ್ ಚಾ.

ಮನಾಮಾದ ಹಳೆ ಪೇಟೆಯಲ್ಲಿರುವ ಶ್ರೀನಾಥಜಿ (ಕೃಷ್ಣ) ದೇವಸ್ಥಾನಕ್ಕೆ 200 ವರ್ಷ ಆಗಿದೆ. ಕಟ್ಟಿದವರು ಸಿಂಧ್‌ನ ಥಟ್ಟಾದಿಂದ ಬಂದ ವ್ಯಾಪಾರಿಗಳು. 1965ರಲ್ಲಿ ದಿನಾರ್ ಬರುವವರೆಗೆ ಈ ಪೇಟೆಯಲ್ಲಿ ಓಡುತ್ತಿದ್ದದ್ದು ರೂಪಾಯಿ, ಕೊನೆಯ ಕೆಲವು ವರ್ಷ ನಮ್ಮ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಅಚ್ಚು ಹಾಕಿದ ನೋಟು. ದೇವಸ್ಥಾನಕ್ಕೆ ಹೇಗೂ ಹೋಗುತ್ತೀರಿ, ಹಿಂದಿನ ಗಲ್ಲಿಗಳಲ್ಲೂ ಒಂದು ಸುತ್ತು ಹಾಕಿ.

ಒಂಟಿ ಮರದ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಮರ ಹಳೆಯದೇ, ಆದರೆ ಸೆಲ್ಫಿ ಆದ ಮೇಲೆ ಮಾಡುವುದೇನೂ ಇಲ್ಲ. ಆ ಕಡೆ ಹೋಗುವವರು ಜಬಲ್ ದುಖಾನ್ ಬೆಟ್ಟದ ಬುಡದ ಮೊದಲ ಎಣ್ಣೆ ಬಾವಿಯನ್ನು ನೋಡಿ. 1932ರಲ್ಲಿ ಇಲ್ಲಿ ಎಣ್ಣೆ ಚಿಮ್ಮಿತು, ಕೊಲ್ಲಿಯ ಅರಬ್ ದಡದಲ್ಲಿ ಮೊದಲ ಸಲ. ಜಪಾನಿನವರು ಚಿಪ್ಪು ಸಾಕಿ ಬೆಳೆಸಿದ ಮುತ್ತು ಮತ್ತು 1929ರ ಆರ್ಥಿಕ ಕುಸಿತ ಸೇರಿ ಮುಹರ್ರಕ್‌ನ ದೋಣಿಗಳನ್ನು ದಡಕ್ಕೆ ಹತ್ತಿಸಿದ್ದ ಕಾಲ ಅದು. ಮುತ್ತಿನ ದಾರಿ ನೋಡಿದ ಮೇಲೆ ಬಂದರೆ ಈ ಬಾವಿಗೆ ಅರ್ಥ ಇದೆ, ಮುಂಚೆ ಬಂದರೆ ಬರೀ ಕಬ್ಬಿಣದ ಕೊಳವೆ. ಬಸ್ಸು ನಂಬಿಕೊಂಡರೆ ಆ ದಿಕ್ಕು ಕಷ್ಟ. ನಾಲ್ಕು ಜನ ಸೇರಿ ಕಾರು ಮಾಡಿಕೊಳ್ಳಿ, ಬಾವಿ ಮೊದಲು, ಹೊತ್ತು ಉಳಿದರೆ ಮರ.