ಬಳಗದಲ್ಲಿ ಯಾವ ಕುರ್ಚಿ ಕೇಳಬೇಕು? ಲೈಬ್ರರಿಯನ್‌ಗಳಿಗೆ ಒಂದಿಷ್ಟು ಕಿವಿಮಾತು

ನಾನು ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ಲೈಬ್ರರಿಯನ್. ಮೈಸೂರು, ಮಂಡ್ಯ ಕಡೆ ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ಬಳಸುವ ಕಾಲೇಜುಗಳವರೆಲ್ಲ ಸೇರಿ ಒಂದು ಬಳಗ ಮಾಡಿಕೊಂಡಿದ್ದೇವೆ. ಅದರ ಸಂಚಾಲಕಿ ಕೆಲಸ ಸದ್ಯಕ್ಕೆ ನನ್ನ ತಲೆಗೆ ಬಂದಿದೆ. ಹಾಗಾಗಿ ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. "ಮೇಡಂ, ನಾನೂ ಕಮಿಟಿಗೆ ಬರಬೇಕು ಅಂತಿದ್ದೀನಿ, ಏನು ಮಾಡ್ಬೇಕು?" ನಾನು ತಿರುಗಿ ಕೇಳುವುದು ಒಂದೇ: ಬಂದು ಯಾವ ಕೆಲಸ ಮಾಡ್ತೀರಿ? ಅರ್ಧ ಜನ ಅಲ್ಲೇ ತಡವರಿಸುತ್ತಾರೆ. ಈ ಬರಹ ಅವರಿಗಾಗಿ.

ಮೊದಲು ಕುರ್ಚಿ ಯಾವುದು ಅಂತ ತೀರ್ಮಾನ ಮಾಡಿ. ನಮ್ಮ ಕಡೆ ಯಾವ ಸಂಘ ಕಟ್ಟಿದರೂ ಅಧ್ಯಕ್ಷರು, ಗೌರವಾಧ್ಯಕ್ಷರು ಮೊದಲು ಸಿದ್ಧವಾಗುತ್ತಾರೆ. ಸೀನಿಯಾರಿಟಿ ನೋಡಿ ಕೂರಿಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸುತ್ತೇವೆ. ತಪ್ಪೇನಿಲ್ಲ, ದೊಡ್ಡವರ ಹೆಸರಿದ್ದರೆ ಸಭೆಗೆ ಹಾಲ್ ಬೇಗ ಸಿಗುತ್ತದೆ. ಆದರೆ ಬಳಗದ ನಿಜವಾದ ಹಿಡಿತ ಇರುವುದು ನಡಾವಳಿ ಪುಸ್ತಕದಲ್ಲಿ. ಹೋದ ಸಲ ಏನು ಒಪ್ಪಿದೆವು, ಯಾರು ಏನು ಮಾಡ್ತೀನಿ ಅಂದರು, ಯಾವುದು ಬಾಕಿ ಉಳಿಯಿತು, ಇದನ್ನು ಬರೆದಿಟ್ಟವರೇ ಮುಂದಿನ ಸಭೆಯಲ್ಲಿ ಏನು ಮಾತಾಡಬೇಕು ಅಂತ ಹೇಳುತ್ತಾರೆ. ಹೊಸಬರು ಧೈರ್ಯವಾಗಿ ಆ ಕೆಲಸ ಕೇಳಿ. ಯಾರೂ ಪೈಪೋಟಿಗೆ ಬರುವುದಿಲ್ಲ, ಅದಂತೂ ಗ್ಯಾರಂಟಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ನೀವು ಸುಮ್ನೆ ಕೂತಿದ್ದರೆ ಪ್ರಾರ್ಥನೆ, ನಿರೂಪಣೆ, ವಂದನಾರ್ಪಣೆ ಮೂರೂ ನಿಮ್ಮ ಪಾಲಿಗೇ ಬರುತ್ತವೆ. ಒಂದು ಸಲ ಮಾಡಿ, ಬೇಡ ಅನ್ನಲ್ಲ. ಎರಡನೇ ಸಲ ಕೇಳಿದಾಗ "ಈ ಸಲ ಲೆಕ್ಕ ನಾನು ನೋಡ್ಕೊಳ್ತೀನಿ ಸರ್, ನಿರೂಪಣೆ ಬೇರೆಯವರು ಮಾಡಲಿ" ಅನ್ನಿ.

ಎರಡನೆಯದು, ನಿಮ್ಮ ಸಾಫ್ಟ್‌ವೇರ್‌ನಲ್ಲಿ ಬಳಕೆದಾರರ ಮಾತು ಎಲ್ಲಿಗೆ ಮುಟ್ಟುತ್ತದೆ ಅಂತ ತಿಳಿದುಕೊಳ್ಳಿ. ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಆದರೆ ಯಾವ ಸೌಲಭ್ಯ ಮೊದಲು ಬೇಕು ಅಂತ ಪಟ್ಟಿ ಮಾಡಿ, ಓಟು ಹಾಕಿ, ಕಂಪನಿಯ ಮುಂದಿಡುವುದೇ ಬಳಗದ ಮುಖ್ಯ ಕೆಲಸ. ಅಲ್ಲಿ ಓಟು ಕೂಡಿಸುವ ತಾಳ್ಮೆ ಬೇಕು. ಸರ್ಕಾರಿ ಸಂಸ್ಥೆಗಳಾದ ಇನ್‌ಫ್ಲಿಬ್‌ನೆಟ್‌ನ ಸೋಲ್, ಎನ್‌ಐಸಿಯ ಇ-ಗ್ರಂಥಾಲಯ ಅನ್ನೋ ಲೈಬ್ರರಿ ಸಾಫ್ಟ್‌ವೇರ್‌ಗಳನ್ನು ಬಳಸುವವರಿಗೆ ತರಬೇತಿ ಏರ್ಪಡಿಸುವವರು, ಸಮಸ್ಯೆಗಳನ್ನು ಒಟ್ಟುಮಾಡಿ ಮೇಲಕ್ಕೆ ಕಳಿಸುವವರು ಬೇಕು.

ಕೋಹಾ ಕತೆ ಬೇರೆ. 1999ರಲ್ಲಿ ನ್ಯೂಜಿಲೆಂಡಿನ ಹೊರೊಫೆನುವಾ ಅನ್ನೋ ಕಡೆಯ ಲೈಬ್ರರಿಗೆ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ದಾಟುವುದಿಲ್ಲ ಅಂತ ಚಿಂತೆ ಶುರುವಾಯಿತು. ಕಟಿಪೊ ಅನ್ನೋ ಚಿಕ್ಕ ಕಂಪನಿಯಿಂದ ಹೊಸದನ್ನೇ ಬರೆಸಿ, 2000ದ ಜನವರಿಯಲ್ಲಿ ಬಳಕೆಗೆ ತಂದು, ಆಮೇಲೆ ಎಲ್ಲರಿಗೂ ಬಿಟ್ಟುಕೊಟ್ಟರು. ಇವತ್ತಿಗೂ ಅದಕ್ಕೆ ಒಬ್ಬ ಯಜಮಾನ ಅಂತಿಲ್ಲ. ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ, ಹೊಸ ಆವೃತ್ತಿ ಬರುತ್ತದೆ. 23.11 ಅಂದರೆ 2023ರ ನವೆಂಬರ್. ಪ್ರತಿ ಆವೃತ್ತಿಗೂ ರಿಲೀಸ್ ಮ್ಯಾನೇಜರ್, ಗುಣಮಟ್ಟ ನೋಡುವ ತಂಡ, ಕೈಪಿಡಿ ಬರೆಯುವವರು, ಅನುವಾದ ನೋಡಿಕೊಳ್ಳುವವರು ಅಂತ ಹೊಸದಾಗಿ ಆರಿಸುತ್ತಾರೆ. ಬೇಕಾದವರು ಪಟ್ಟಿಯಲ್ಲಿ ತಮ್ಮ ಹೆಸರು ತಾವೇ ಸೇರಿಸಬಹುದು. ಕೈಪಿಡಿಗೂ ಅನುವಾದಕ್ಕೂ ಕೋಡ್ ಬರೆಯಲು ಬರಬೇಕಿಲ್ಲ, ಇಶ್ಯೂ ಕೌಂಟರಿನಲ್ಲಿ ಕೂತ ಅನುಭವವೇ ಅಲ್ಲಿ ಬಂಡವಾಳ. ಕೋಹಾದ ಜಾಗತಿಕ ಸಮ್ಮೇಳನ 2011ರಲ್ಲಿ ನಮ್ಮ ದೇಶದ ಠಾಣೆಯಲ್ಲೇ ನಡೆದಿತ್ತು. ನಮಗೆ ಇದು ದೂರದ ಮಾತು ಅಂದುಕೊಳ್ಳಬೇಡಿ.

ಈಗ ಮುಖ್ಯ ವಿಷಯ: ಹೆಸರು ಗಳಿಸುವುದು ಹೇಗೆ? ನನ್ನ ಅನುಭವದಲ್ಲಿ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುವುದು ಒಂದು ಒಳ್ಳೆಯ ದೂರು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ವಾರಕ್ಕೊಂದು ಮೆಸೇಜ್ ಹೀಗೆ ಬರುತ್ತದೆ: "ಸರ್ ಕೋಹಾ ವರ್ಕ್ ಆಗ್ತಿಲ್ಲ, ಅರ್ಜೆಂಟ್." ಏನು ಆಗ್ತಿಲ್ಲ, ಯಾವ ಪರದೆಯಲ್ಲಿ, ಯಾವ ಆವೃತ್ತಿ? ಒಂದೂ ಇಲ್ಲ. ಕೆಳಗೆ ಇಪ್ಪತ್ತು ಜನ ಕೈಮುಗಿದ ಚಿತ್ರ ಹಾಕುತ್ತಾರೆ, ಅಷ್ಟೇ. ಕೆ.ಆರ್. ಪೇಟೆ ಕಡೆಯ ಹುಡುಗಿಯೊಬ್ಬಳು ಒಮ್ಮೆ ಹೀಗೆ ಬರೆದಳು (ಓಪ್ಯಾಕ್ ಅಂದರೆ ಓದುಗರು ಪುಸ್ತಕ ಹುಡುಕುವ ಪರದೆ, 245 ಅಂದರೆ ರೆಕಾರ್ಡ್‌ನಲ್ಲಿ ಶೀರ್ಷಿಕೆ ಬರೆಯುವ ಜಾಗ):

"ಕೋಹಾ 23.11. ಓಪ್ಯಾಕ್‌ನಲ್ಲಿ ಶೀರ್ಷಿಕೆ ಆರಿಸಿ, ಯೂನಿಕೋಡ್‌ನಲ್ಲಿ 'ಹಳ್ಳಿ' ಅಂತ ಟೈಪ್ ಮಾಡಿದೆ. ಒಂದೂ ಪುಸ್ತಕ ಬರಲಿಲ್ಲ. ಅದೇ ಪುಸ್ತಕದ ಬಾರ್‌ಕೋಡ್ ಹೊಡೆದರೆ ರೆಕಾರ್ಡ್ ತೆರೆಯುತ್ತದೆ, 245ರಲ್ಲಿ ಹೆಸರು ಸರಿಯಾಗಿದೆ. ಇಂಗ್ಲಿಷ್ ಶೀರ್ಷಿಕೆಗಳು ಸಿಗುತ್ತಿವೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಹೀಗೇ."

ಇದನ್ನು ಓದಿದ ಕೂಡಲೇ ಗೊತ್ತಿದ್ದವರಿಗೆ ರೋಗ ಎಲ್ಲಿದೆ ಅಂತ ತಿಳಿಯಿತು. ರೆಕಾರ್ಡ್ ಇದೆ, ಹುಡುಕಿದರೆ ಮಾತ್ರ ಸಿಗುತ್ತಿಲ್ಲ. ಅಂದರೆ ತೊಂದರೆ ಇರುವುದು ಹುಡುಕಾಟಕ್ಕೆ ಮಾಡಿಟ್ಟ ಪದಪಟ್ಟಿಯಲ್ಲಿ, ಇಂಡೆಕ್ಸ್‌ನಲ್ಲಿ. ಕೋಹಾ ಒಳಗೆ ಹುಡುಕಾಟ ನೋಡಿಕೊಳ್ಳುವ ಜೀಬ್ರಾ ಇದೆಯಲ್ಲ, ಅದಕ್ಕೆ ಅಕ್ಷರಗಳನ್ನು ಓದಿಕೊಳ್ಳಲು ಸಿಎಚ್‌ಆರ್, ಐಸಿಯು ಅಂತ ಎರಡು ವಿಧಾನ. ಇಂಗ್ಲಿಷ್‌ಗೆ ಮೊದಲನೆಯದು ಸಾಕು. ಕನ್ನಡದಂಥ ಲಿಪಿಗಳಿಗೆ ಐಸಿಯು ಬೇಕು. ಇನ್‌ಸ್ಟಾಲ್ ಮಾಡಿಕೊಟ್ಟವರು ಅದನ್ನು ಬದಲಿಸಿರಲಿಲ್ಲ. ಬದಲಿಸಿ, ಎಲ್ಲ ರೆಕಾರ್ಡ್‌ಗಳನ್ನೂ ಮತ್ತೆ ಇಂಡೆಕ್ಸ್ ಮಾಡಿಸಿದ ಮೇಲೆ ಹಳ್ಳಿ ಸಿಕ್ಕಿತು. 245ರಲ್ಲೇ ಅಕ್ಷರ ಕಲಸುಮೇಲೋಗರ ಆಗಿದ್ದರೆ ಅದು ಬೇರೆ ಸಮಸ್ಯೆ. ಹಿಂದೆ ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಡೇಟಾ ಅಂತ ಅರ್ಥ, ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಅವಳು ಬಾರ್‌ಕೋಡ್ ಹೊಡೆದು ನೋಡಿದ ಆ ಒಂದು ಸಾಲು ಇಲ್ಲದಿದ್ದರೆ ನಾವೆಲ್ಲ ಕೀಬೋರ್ಡನ್ನು ಬಯ್ಯುತ್ತಾ ಕೂತಿರುತ್ತಿದ್ದೆವು. ಮುಂದಿನ ವರ್ಷ ತರಬೇತಿ ಜವಾಬ್ದಾರಿ ಯಾರಿಗೆ ಅಂದಾಗ ಅವಳ ಹೆಸರನ್ನು ಮೂರು ಕಡೆಯಿಂದ ಕೂಗಿದರು. ಅವಳೇನೂ ಕೇಳಿರಲಿಲ್ಲ.

ಇದರ ಮುಂದಿನ ಮೆಟ್ಟಿಲು ಸೈನ್‌ಆಫ್, ಅಂದರೆ ಪರೀಕ್ಷಿಸಿ ಒಪ್ಪಿಗೆ ಹಾಕುವುದು. ಕೋಹಾದಲ್ಲಿ ಒಬ್ಬರು ತಿದ್ದುಪಡಿ ಬರೆದರೆ ಅದು ನೇರವಾಗಿ ಒಳಗೆ ಹೋಗುವುದಿಲ್ಲ. ಇನ್ನೊಬ್ಬರು ಪರೀಕ್ಷೆ ಮಾಡಿ ಒಪ್ಪಿಗೆ ಹಾಕಬೇಕು, ಆಮೇಲೆ ಗುಣಮಟ್ಟದ ತಂಡದವರೊಬ್ಬರು ನೋಡಬೇಕು. ಕೋಹಾದ ದೂರು, ತಿದ್ದುಪಡಿಗಳನ್ನು ದಾಖಲಿಸುವ ಬಗ್‌ಜಿಲ್ಲಾ ತಾಣದಲ್ಲಿ 'ನೀಡ್ಸ್ ಸೈನ್‌ಆಫ್' ಅಂತ ಇರುವವನ್ನು ತೆರೆಯಿರಿ. ಪ್ರತಿಯೊಂದರಲ್ಲೂ ಹೇಗೆ ಪರೀಕ್ಷಿಸಬೇಕು ಅಂತ ಹಂತ ಹಂತವಾಗಿ ಬರೆದಿರುತ್ತಾರೆ. ನಿಮ್ಮ ಕಾಲೇಜಿನ ಸರ್ವರ್ ಮುಟ್ಟುವುದೇ ಬೇಡ. ಸ್ಯಾಂಡ್‌ಬಾಕ್ಸ್ ಅಂತ ಆಡಿ ನೋಡುವ ಕೋಹಾ ಬ್ರೌಸರ್‌ನಲ್ಲೇ ಸಿಗುತ್ತದೆ. ಸರ್ಕ್ಯುಲೇಷನ್ (ಪುಸ್ತಕ ಕೊಡುವುದು, ವಾಪಸ್ ಪಡೆಯುವುದು), ಫೈನ್ ಇಂಥ ನಿಮಗೆ ಗೊತ್ತಿರುವ ವಿಭಾಗದಿಂದಲೇ ಶುರುಮಾಡಿ. ಸೈನ್‌ಆಫ್ ಮಾಡಿದವರ ಹೆಸರು ಆ ತಿದ್ದುಪಡಿಯ ಜೊತೆಗೇ ಉಳಿಯುತ್ತದೆ. ಬಡ್ತಿಗೆ ಸಲ್ಲಿಸುವ ಸಿಎಎಸ್ ಫೈಲಿಗೆ ಸರ್ಟಿಫಿಕೇಟ್ ಹುಡುಕಿಕೊಂಡು ಬರುವವರು ಇದನ್ನೂ ಸ್ವಲ್ಪ ಯೋಚನೆ ಮಾಡಬಹುದು.

ಕೋಹಾದ ಹಲವು ಜಾಗತಿಕ ಸಭೆಗಳು ಐಆರ್‌ಸಿ ಅನ್ನೋ ಆನ್‌ಲೈನ್ ಚಾಟ್‌ನಲ್ಲಿ ಟೈಪ್ ಮಾಡಿಕೊಂಡೇ ನಡೆಯುತ್ತವೆ. ಇಂಗ್ಲಿಷ್ ಮಾತಾಡಲು ಅಳುಕುವವರಿಗೆ ಇದು ವರದಾನ. ಶುರುವಿನಲ್ಲಿ ಹ್ಯಾಶ್ ಹಾಕಿ ಇನ್ಫೋ ಅಂತ ಬರೆದು, ಹೆಸರು, ಊರು ಟೈಪ್ ಮಾಡಿದರೆ ಹಾಜರಿ ಬಿತ್ತು. ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಸಮಯ) ಹೇಳುತ್ತಾರೆ, ಐದೂವರೆ ಗಂಟೆ ಕೂಡಿಸಿಕೊಳ್ಳಿ. 14 ಗಂಟೆ ಅಂದರೆ ನಮಗೆ ರಾತ್ರಿ ಏಳೂವರೆ. ಒಲೆ ಮೇಲೆ ಸಾರು ಇಟ್ಟೂ ನೋಡಬಹುದು.

ಇನ್ನು ನಮ್ಮ ಊರಿನ ಬಳಗಕ್ಕೆ ನಿಲ್ಲುವಾಗ ಬರೆದುಕೊಡುವ ನಾಲ್ಕು ಸಾಲು. "ಅವಕಾಶ ಕೊಟ್ಟಲ್ಲಿ ಪ್ರಾಮಾಣಿಕವಾಗಿ ಸೇವೆ ಸಲ್ಲಿಸುತ್ತೇನೆ" ಅಂತ ಎಲ್ಲರೂ ಬರೆಯುತ್ತಾರೆ. ಓದಿದವರಿಗೆ ಏನೂ ನೆನಪಿರುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: "ಒಂದು ವರ್ಷ ನಡಾವಳಿ ನಾನು ಬರೆಯುತ್ತೇನೆ. ಸಭೆ ಮುಗಿದ ಮೂರು ದಿನದೊಳಗೆ ಗ್ರೂಪಿಗೆ ಹಾಕುತ್ತೇನೆ. ಪರೀಕ್ಷೆ ಹೊತ್ತಿನಲ್ಲಿ ಪುಸ್ತಕ ಬಾಕಿ ಇಲ್ಲ ಅಂತ ನೋ ಡ್ಯೂ ಕೊಡುವ ಸಮಯದಲ್ಲಿ ನನ್ನ ಕೈಲಿ ಆಗುವುದಿಲ್ಲ, ಆಗ ಇನ್ನೊಬ್ಬರು ಬೇಕು." ಆಗುವುದಿಲ್ಲ ಅಂತ ಬರೆದ ಸಾಲನ್ನು ನೋಡಿಯೇ ನಾನು ಓಟು ಹಾಕುತ್ತೇನೆ. ಅಂಥವರು ಮಾಡುತ್ತೇನೆ ಅಂದಿದ್ದನ್ನು ಮಾಡುತ್ತಾರೆ.

ಹೆಸರು ಕೊಡುವ ಮೊದಲೇ ಪ್ರಿನ್ಸಿಪಾಲರ ಹತ್ತಿರ ಮಾತಾಡಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಓಓಡಿ (ಹೊರಗಿನ ಕೆಲಸಕ್ಕೆ ಹೋದರೂ ಹಾಜರಿ) ಸಿಗುತ್ತದಾ, ಆ ದಿನ ಕೌಂಟರ್ ಯಾರು ನೋಡುತ್ತಾರೆ, ಎರಡನ್ನೂ ಪತ್ರದಲ್ಲೇ ಸೇರಿಸಿ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಭೇಟಿ ಹತ್ತಿರ ಇದ್ದಾಗ ಮಾತ್ರ ಈ ಪತ್ರ ಹಿಡಿದು ಹೋಗಬೇಡಿ.

ಆಯ್ಕೆ ಆಯಿತು ಅನ್ನಿ. ಮೊದಲ ಸಭೆಯನ್ನು ಎರಡನೇ ಶನಿವಾರ ಇಡಬೇಡಿ, ರಜೆ ದಿನ ಯಾರೂ ಮನೆ ಬಿಟ್ಟು ಬರುವುದಿಲ್ಲ. ಮದ್ದೂರು, ಮಂಡ್ಯದವರು ಮೈಸೂರಿಗೆ ಮೆಮು ರೈಲು ಹಿಡಿದು ಬಂದಾರು. ಮಳವಳ್ಳಿ, ಕೆ.ಆರ್. ಪೇಟೆಯವರಿಗೆ ಬಸ್ಸೇ ಗತಿ. ಸಂಜೆ ನಾಲ್ಕಕ್ಕೆ ಮುಗಿಸಿ. ಒಂದು ಸಭೆ ಮಾನಸಗಂಗೋತ್ರಿ ಕಡೆ ಇಟ್ಟರೆ ಮುಂದಿನದು ಮಂಡ್ಯದಲ್ಲಿ ಇರಲಿ. ಇಲ್ಲದಿದ್ದರೆ ಬಳಗ ಹೆಸರಿಗೆ ಎರಡು ಜಿಲ್ಲೆಯದು, ನಡೆಯುವುದು ಮಾತ್ರ ಮೈಸೂರಿನವರದು. ಉದ್ಘಾಟನೆ, ದೀಪ ಬೆಳಗುವುದು ಎಲ್ಲ ವರ್ಷಕ್ಕೊಂದು ಸಲ ಸಾಕು. ಉಳಿದ ಸಭೆಗಳಲ್ಲಿ ಒಬ್ಬರು ಲ್ಯಾಪ್‌ಟಾಪ್ ತೆರೆದು ತಮ್ಮ ಒಂದು ನಿಜವಾದ ಸಮಸ್ಯೆ ತೋರಿಸಲಿ, ಉಳಿದವರು ಅಲ್ಲೇ ಬಗೆಹರಿಸಲು ನೋಡಲಿ.

ಬಿಟ್ಟುಕೊಡುವುದನ್ನೂ ಸೇರಿದ ದಿನವೇ ಯೋಚಿಸಿ. ಅವಧಿ ಮುಗಿದರೂ ಬಳಗದ ಇಮೇಲ್ ಪಾಸ್‌ವರ್ಡ್ ಹಳೆಯ ಕಾರ್ಯದರ್ಶಿ ಹತ್ತಿರವೇ ಉಳಿಯುವುದು ನಮ್ಮಲ್ಲಿ ಮಾಮೂಲು. ಅವರಿಗೆ ವರ್ಗ ಆಗಿ ಬೀದರ್‌ಗೆ ಹೋದರೆ ಮುಗಿಯಿತು. ಬಳಗದ ಹೆಸರಿನಲ್ಲೇ ಒಂದು ಇಮೇಲ್ ಮಾಡಿ, ಇಬ್ಬರ ಹತ್ತಿರ ಪಾಸ್‌ವರ್ಡ್ ಇರಲಿ, ವಾಟ್ಸಾಪ್ ಗ್ರೂಪಿಗೆ ಇಬ್ಬರು ಅಡ್ಮಿನ್ ಇರಲಿ. ಓಟಿಪಿ ಯಾರ ಫೋನಿಗೆ ಹೋಗುತ್ತದೆ ಅಂತ ಒಂದು ಸಲ ಪರೀಕ್ಷಿಸಿ ನೋಡಿ. ಹೊಸಬರಿಗೆ ಕೊಡುವಾಗ ಆ ನಂಬರ್ ಬದಲಿಸಿ, ನಡಾವಳಿಯಲ್ಲಿ ತಾರೀಖು ಹಾಕಿ ಬರೆಸಿ, ಇಬ್ಬರೂ ಸಹಿ ಹಾಕಿ.