ಒಂದೇ ಬೋರ್ಡು, ಎರಡು 486: ನನ್ನ ಅನುಭವ

ನನ್ನ ಹತ್ತಿರ ಇಂಟೆಲ್‌ನ 486 ಪ್ರೊಸೆಸರ್ ಕೂರುವ ಒಂದು ಹಳೆಯ ಮದರ್‌ಬೋರ್ಡ್ ಇದೆ. ಅದರಲ್ಲಿ ಇದ್ದದ್ದು 25 ಮೆಗಾಹರ್ಟ್ಸ್‌ನ ಎಸ್‌ಎಕ್ಸ್. ಆಮೇಲೆ 33ರ ಡಿಎಕ್ಸ್ ಚಿಪ್ ಒಂದು ಕೈಗೆ ಬಂತು. 486ರಲ್ಲಿ ಅಗ್ಗದ್ದಾದ ಎಸ್‌ಎಕ್ಸೂ ಇದೆ, ಪೂರ್ತಿಯದ್ದಾದ ಡಿಎಕ್ಸೂ ಇದೆ. ಹೋಲಿಸಿ ನೋಡದೆ ಇರೋಕೆ ಆಗುತ್ತಾ?

25ಕ್ಕೂ 33ಕ್ಕೂ ಓಟ ಇಟ್ಟರೆ ಅದು ಮೋಸ. ಹಾಗಾಗಿ ಡಿಎಕ್ಸ್ ಅನ್ನೂ 25ರಲ್ಲೇ ಓಡಿಸಿದೆ. ರ್‍ಯಾಮ್, ಡಿಸ್ಕ್, ವಿಡಿಯೊ ಕಾರ್ಡ್, ಡಾಸ್ ಯಾವುದನ್ನೂ ಮುಟ್ಟಲಿಲ್ಲ.

ಚಿಪ್ ಬದಲಿಸೋದೇ ದೊಡ್ಡ ಕೆಲಸ. ನನ್ನ ಬೋರ್ಡಿನ ಸಾಕೆಟ್‌ಗೆ ಚಿಪ್ ಸಡಿಲಿಸುವ ಲಿವರ್ ಇಲ್ಲ. 168 ಪಿನ್‌ಗಳ ಚಿಪ್ಪನ್ನು ನಾಲ್ಕೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಬೇಕು. ಅವಸರ ಮಾಡಿ ಮೂಲೆಯ ಎರಡು ಪಿನ್ ಬಗ್ಗಿಸಿಕೊಂಡೆ. ಸಪೂರ ಚಿಮಟದಿಂದ ನೆಟ್ಟಗೆ ಮಾಡುವಷ್ಟರಲ್ಲಿ ಬೆವರು ಬಂತು. ಸಾಲದ್ದಕ್ಕೆ ಪ್ರೊಸೆಸರ್ ಯಾವುದು ಅಂತ ಬೋರ್ಡಿಗೆ ಹೇಳುವ ಜಂಪರ್, ಅಂದರೆ ಎರಡು ಪಿನ್ ಜೋಡಿಸುವ ಪುಟ್ಟ ತುಂಡು, ಅದನ್ನು ಬದಲಿಸೋದು ಮರೆತಿದ್ದೆ. ಎರಡು ಚಿಪ್‌ಗಳಲ್ಲಿ ಕೆಲವು ಪಿನ್‌ಗಳ ಕೆಲಸ ಬೇರೆ ಬೇರೆ, ಅದಕ್ಕೇ ಆ ಜಂಪರ್.

ಮೊದಲು ಡೂಮ್ ಆಟ ಹಾಕಿದೆ. ವ್ಯತ್ಯಾಸವೇ ಇಲ್ಲ! ಫೈಲ್ ಜಿಪ್ ಮಾಡಿದೆ, ಅಲ್ಲೂ ಅಷ್ಟೆ. ಯೋಚಿಸಿದರೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಎರಡರಲ್ಲೂ 8 ಕೆಬಿ ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ), ಎರಡಕ್ಕೂ 32 ಬಿಟ್ ಬಸ್ (ಡೇಟಾ ಓಡಾಡುವ ದಾರಿ). 1989ರ ಡಿಎಕ್ಸ್‌ನಿಂದ 1991ರ ಎಸ್‌ಎಕ್ಸ್‌ಗೆ ಬರುವಾಗ ಇಂಟೆಲ್ ಕಳೆದದ್ದು ಒಂದನ್ನೇ, ದಶಾಂಶದ ಲೆಕ್ಕ ಮಾಡುವ ಘಟಕ. ಮೊದಮೊದಲ ಎಸ್‌ಎಕ್ಸ್‌ಗಳಲ್ಲಂತೂ ಅದು ಒಳಗೇ ಇತ್ತು, ಸುಮ್ನೆ ಕೆಲಸ ಮಾಡದ ಹಾಗೆ ಮಾಡಿದ್ದರು. ಡೂಮ್ ತನ್ನ ಲೆಕ್ಕವನ್ನೆಲ್ಲ ಪೂರ್ಣಾಂಕಗಳಲ್ಲೇ ಮಾಡಿಕೊಳ್ಳುತ್ತದೆ. ಇಲ್ಲದ ಘಟಕದ ನೆನಪೇ ಅದಕ್ಕೆ ಬರೋದಿಲ್ಲ.

ಫ್ರ್ಯಾಕ್ಟಿಂಟ್ ಹಾಕಿದಾಗ ಮಜಾ ಶುರುವಾಯಿತು. ಚಿತ್ರ ಬಿಡಿಸುವ ಈ ಪ್ರೋಗ್ರಾಂ ಪೂರ್ಣಾಂಕದಲ್ಲೂ ಲೆಕ್ಕ ಮಾಡುತ್ತದೆ, ದಶಾಂಶದಲ್ಲೂ ಮಾಡುತ್ತದೆ. ಪೂರ್ಣಾಂಕದಲ್ಲಿ ಮ್ಯಾಂಡೆಲ್‌ಬ್ರಾಟ್ ಅನ್ನುವ ಗಣಿತದ ಚಿತ್ರ ಬಿಡಿಸಿದರೆ ಎರಡು ಚಿಪ್ಪೂ ಜೋಡೆತ್ತು. ದಶಾಂಶಕ್ಕೆ ಬದಲಿಸಿದೆ ನೋಡಿ, ಎಸ್‌ಎಕ್ಸ್ ಕುಂಟತೊಡಗಿತು. ಡಿಎಕ್ಸ್ ಒಂದೇ ಆದೇಶದಲ್ಲಿ ಮುಗಿಸುವ ಗುಣಾಕಾರವನ್ನು ಇದು ಹತ್ತಾರು ಸಣ್ಣ ಆದೇಶಗಳಲ್ಲಿ ಸುತ್ತಿ ಬಳಸಿ ಮಾಡಬೇಕು. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಇಳಿಯೋದನ್ನು ಕೂತು ಎಣಿಸಬಹುದಿತ್ತು.

486ರ ಹಿಂದಿನ ತಲೆಮಾರಾದ 386ರ ಎಸ್‌ಎಕ್ಸ್ ಕಥೆಯೇ ಬೇರೆ, ಹೆಸರು ಒಂದೇ ಅಂತ ಮೋಸ ಹೋಗಬೇಡಿ. ಅಲ್ಲಿ ಕತ್ತರಿ ಬಿದ್ದದ್ದು ದಾರಿಗೆ. ಹೊರಗಿನ ಡೇಟಾ ಬಸ್ 16 ಬಿಟ್, ಮೆಮೊರಿ 16 ಎಂಬಿಗೆ ಸೀಮಿತ. ಅದರ ಬಿಸಿ ಹೆಚ್ಚುಕಡಿಮೆ ಎಲ್ಲ ಕೆಲಸಕ್ಕೂ ತಟ್ಟುತ್ತದೆ.

ನನ್ನ ಬೋರ್ಡಿನಲ್ಲಿ ಪಕ್ಕಕ್ಕೆ ಇನ್ನೊಂದು ಖಾಲಿ ಸಾಕೆಟ್ ಇದೆ, 487ಎಸ್‌ಎಕ್ಸ್‌ಗೆ ಅಂತ. ಲೆಕ್ಕಕ್ಕೆ ಸಹಾಯ ಮಾಡುವ ಚಿಪ್ ಅಂತ ಮಾರುತ್ತಿದ್ದ ಅದು ನಿಜವಾಗಿ ಪೂರ್ತಿ ಡಿಎಕ್ಸ್, ಒಂದು ಪಿನ್ ಜಾಸ್ತಿ. ಕೂರಿಸಿದ ತಕ್ಷಣ ಪಕ್ಕದ ಎಸ್‌ಎಕ್ಸ್ ಅನ್ನು ಮಲಗಿಸಿ ಎಲ್ಲ ಕೆಲಸವನ್ನೂ ತಾನೇ ಮಾಡುತ್ತದೆ. ಕೈಯಾಳು ಅಂತ ಕರೆದರೆ ಯಜಮಾನನೇ ಆಗಿ ಕೂತ ಹಾಗೆ, ಅಲ್ವಾ? ಅದೊಂದು ಚಿಪ್ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಡಿಎಕ್ಸ್ ಅನ್ನೇ ಬಿಟ್ಟಿದ್ದೇನೆ. ಆ ಪಿನ್‌ಗಳನ್ನು ಮತ್ತೊಮ್ಮೆ ಎಬ್ಬಿಸುವ ಧೈರ್ಯ ನನಗಿಲ್ಲ.