ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಕ್ರಮ

ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಸಾರು, ಹುಳಿ, ಮಜ್ಜಿಗೆ ಇಟ್ಟರೆ ಕಿಲುಬು ಬಿಡುತ್ತದೆ. ರುಚಿ ಕೆಡುವುದಲ್ಲದೆ ತಿಂದವರಿಗೆ ವಾಂತಿಯೂ ಆಗಬಹುದು. ಅದನ್ನು ತಡೆಯಲು ಒಳಮೈಗೆ ತವರದ ತೆಳು ಪದರ ಬಳಿಯುವುದೇ ಕಲಾಯಿ. ಅದಕ್ಕೇ ಹಿಂದೆ ಪೇಟೆಬೀದಿಯ ಮೂಲೆಯಲ್ಲಿ ತಿದಿ ಹೂಡಿ ಕೂತ ಕಲಾಯಿಯವರ ಮುಂದೆ ಮನೆಮನೆಯ ಪಾತ್ರೆಗಳು ಸಾಲುಗಟ್ಟುತ್ತಿದ್ದವು.

ಬೇಕಾದದ್ದು ತವರದ ಕಡ್ಡಿ, ನವಸಾಗರದ (ಅಮೋನಿಯಂ ಕ್ಲೋರೈಡ್ ಎಂಬ ಬಿಳಿ ಲವಣ) ಪುಡಿ, ಹುಣಸೆಹಣ್ಣು, ನಯವಾದ ಮರಳು, ಒಣ ಹತ್ತಿ, ಇದ್ದಿಲು, ತಿದಿ, ಉದ್ದನೆಯ ಇಕ್ಕಳ, ಪಕ್ಕದಲ್ಲೊಂದು ಬಾನಿ ತಣ್ಣೀರು.

ತವರ ಕೊಳ್ಳುವಾಗಲೇ ಎಚ್ಚರ ಬೇಕು. ಸೀಸ ಅಗ್ಗ, ತವರಕ್ಕೆ ಬೆರೆಸಿದರೆ ಬೇಗ ಕರಗಿ ಸಲೀಸಾಗಿ ಹರಡುತ್ತದೆ, ಆದರೆ ಅದು ಊಟದೊಳಗೆ ಇಳಿಯುವ ವಿಷ. ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ: ಶುದ್ಧ ತವರ ಕರಕರ ಎನ್ನುತ್ತದೆ. ಬಿಳಿ ಕಾಗದದ ಮೇಲೆ ಎಳೆದಾಗ ಪೆನ್ಸಿಲಿನಂಥ ಬೂದು ಗೆರೆ ಮೂಡಿದರೆ ಆ ಕಡ್ಡಿಯನ್ನು ಮುಟ್ಟಲೇಬೇಡಿ.

ಇನ್ನು ಮುಕ್ಕಾಲು ಕೆಲಸ ತಿಕ್ಕುವುದರಲ್ಲೇ ಇದೆ. ಹುಣಸೆಹಣ್ಣು, ಮರಳು ಸೇರಿಸಿ ಒಳಮೈಯ ಕಪ್ಪು, ಹಸಿರು, ಜಿಡ್ಡು ಎಲ್ಲ ಹೋಗಿ ಲೋಹದ ನಿಜಬಣ್ಣ ಕಾಣುವವರೆಗೆ ಉಜ್ಜಬೇಕು. ಮದುವೆಮನೆಯ ಕೊಪ್ಪರಿಗೆಯಾದರೆ ಆಳು ಒಳಗಿಳಿದು, ಕಾಲಡಿ ಗೋಣಿತುಂಡು, ಮರಳು ಹಾಕಿಕೊಂಡು, ಗೋಡೆ ಹಿಡಿದು ಸೊಂಟ ತಿರುಗಿಸುತ್ತಾ ತಿಕ್ಕುತ್ತಿದ್ದ. ತೊಳೆದು ಒರೆಸಿದ ಮೇಲೆ ಒಳಗೆ ಬೆರಳು ತಾಗಿಸಬಾರದು. ಜಿಡ್ಡಿದ್ದ ಕಡೆ ತವರ ಹಿಡಿಯದೆ ಚುಕ್ಕೆಚುಕ್ಕೆಯಾಗಿ ಉಳಿಯುತ್ತದೆ.

ಬಯಲಲ್ಲಿ, ಗಾಳಿ ಬೆನ್ನಿಗೆ ಬರುವಂತೆ ಕೂತು ಇದ್ದಿಲು ಕೆಂಡ ಮಾಡಿ. ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಾ ಎಲ್ಲ ಕಡೆ ಸಮನಾಗಿ ಕಾಯಿಸಿ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಅಳೆಯುವ ಉಪಕರಣ ಬೇಡ, ಕಡ್ಡಿಯ ತುದಿ ತಾಗಿಸಿದೊಡನೆ ಹನಿಯಾಗಿ ಜಾರಿದರೆ ಹದ ಬಂತು. ಆಗ ಒಂದೆರಡು ಚಿಟಿಕೆ ನವಸಾಗರ ಉದುರಿಸಿ. ಬಿಳಿ ಹೊಗೆ ಭಗ್ಗನೆ ಏಳುತ್ತದೆ, ಮುಖ ಅತ್ತ ತಿರುಗಿಸಿಕೊಳ್ಳಿ. ಕಾದ ಲೋಹದ ಮೇಲೆ ಕಣ್ಣಿಗೆ ಕಾಣದಂತೆ ಕಟ್ಟಿದ ಪೊರೆಯನ್ನು ಕಳೆಯುವುದು ಇದೇ ನವಸಾಗರ. ತಡಮಾಡದೆ ಕಡ್ಡಿಯನ್ನು ಎರಡು ಮೂರು ಕಡೆ ಎಳೆದು, ಇಕ್ಕಳದಲ್ಲಿ ಹಿಡಿದ ಹತ್ತಿಯಿಂದ ತಳದಿಂದ ಅಂಚಿನವರೆಗೆ ಬಳಿಯಿರಿ. ಹಳದಿ ಹಿತ್ತಾಳೆಯ ಮೇಲೆ ಬೆಳ್ಳಿಬಣ್ಣ ಓಡುವುದು ಕಣ್ಣೆದುರೇ ಕಾಣುತ್ತದೆ. ಹೆಚ್ಚಾದದ್ದನ್ನು ಒರೆಸಿ ತೆಗೆದು ಪಾತ್ರೆಯನ್ನು ತಣ್ಣೀರಿಗೆ ಅದ್ದಿ.

ತವರ ಗಂಟುಗಂಟಾದರೆ ಕಾವು ಸಾಲದು. ಮೈ ಹಳದಿಯಾಗಿ ಮಂಕಾದರೆ ಕಾವು ಮೀರಿದೆ. ಮತ್ತೆ ತಿಕ್ಕಿಯೇ ಹಾಕಬೇಕು, ಮೇಲೆ ಮೇಲೆ ಬಳಿದರೆ ನಿಲ್ಲದು.

ಕಲಾಯಿ ಹಾಕಿದ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಬೇಡಿ, ಅದರಲ್ಲೇ ಒಗ್ಗರಣೆಯನ್ನೂ ಹಾಕಬೇಡಿ. ತವರ ಕರಗಿ ತಳ ಸೇರುತ್ತದೆ. ಒಗ್ಗರಣೆಗೆ ಕಬ್ಬಿಣದ ಸೌಟು ಬೇರೆ ಇರಲಿ. ತೊಳೆಯಲು ಮೆತ್ತನೆಯ ನಾರು, ಜರಡಿ ಹಿಡಿದ ಬೂದಿ ಸಾಕು. ತಳದಲ್ಲಿ ಎಲ್ಲೇ ಆಗಲಿ ಲೋಹದ ಬಣ್ಣ ಇಣುಕಿತೋ, ಮತ್ತೆ ಕಲಾಯಿ ಆಗುವವರೆಗೆ ಹುಳಿ ಪದಾರ್ಥ ಅದರಲ್ಲಿ ಬೇಡ.